ಶಾಸಕರ ಅಧಿಕಾರ ಕತ್ತರಿಸಿದ ಶಾಸಕ: ನಜೀರ್ ಸಾಬ್ ನೆನಪಿಗೆ ಆಡಿದ ಮಾತು

ಗ್ರಾಮ ಪಂಚಾಯಿತಿ ಸದಸ್ಯರು ಸೇರಿದ್ದ ಒಂದು ಸಭೆಯಲ್ಲಿ, ಎಂಬತ್ತರ ದಶಕದಲ್ಲಿ ರಾಜ್ಯದ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಬಗ್ಗೆ ಮಾತಾಡಿದ್ದೆ. ಅದನ್ನೇ ಬರಹಕ್ಕೆ ಇಳಿಸಿದ್ದೇನೆ. ಅಲ್ಲಲ್ಲಿ ತಿದ್ದಿದ್ದೇನೆ, ಮಾತಿನ ಧಾಟಿ ಮಾತ್ರ ಹಾಗೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಊಟದ ಹೊತ್ತು ಹತ್ತಿರ ಬಂದಿದೆ, ಗೊತ್ತು. ಅದಕ್ಕೇ ಸುತ್ತಿ ಬಳಸಿ ಹೋಗೋದಿಲ್ಲ. ನಜೀರ್ ಸಾಬ್ ಅಂದ ಕೂಡಲೇ ಏನು ನೆನಪಾಗುತ್ತದೆ ಅಂತ ಮುಂದಿನ ಸಾಲಿನವರನ್ನು ಈಗ ತಾನೆ ಕೇಳಿದೆ. ಎಲ್ಲರದೂ ಒಂದೇ ಉತ್ತರ, ಬೋರ್‌ವೆಲ್. ತಪ್ಪೇನಿಲ್ಲ. ಜನ ಅವರನ್ನು ‘ನೀರ್ ಸಾಬ್’ ಅಂತಲೇ ಕರೆದರು. ರಾಜಕಾರಣಿಗಳಿಗೆ ಜನ ಇಡುವ ಅಡ್ಡಹೆಸರು ಸಾಮಾನ್ಯವಾಗಿ ಎದುರಿಗೆ ಹೇಳುವಂಥದ್ದಾಗಿರೋದಿಲ್ಲ. ಇದು ಎದುರಿಗೇ ಹೇಳಬಹುದಾಗಿದ್ದ ಹೆಸರು.

ಆದರೆ ನಾನು ಇವತ್ತು ಹೇಳಬೇಕು ಅಂದುಕೊಂಡಿರೋದು ಬೇರೆ. ಬೋರ್‌ವೆಲ್ ಕೊರೆಸಿದ ಮಂತ್ರಿಗಳು ಜಾಸ್ತಿ ಜನ ಇದ್ದಾರೆ. ತನ್ನ ಕೈಯಲ್ಲಿದ್ದ ಅಧಿಕಾರವನ್ನು ತಾನೇ ಕಾನೂನು ಮಾಡಿ ಕೆಳಗೆ ದಾಟಿಸಿದ, ಅದೂ ತನ್ನ ಜೊತೆಯಲ್ಲಿ ಕೂತಿದ್ದ ಶಾಸಕರು ಮುಖ ಗಂಟು ಹಾಕಿಕೊಂಡು ನೋಡುತ್ತಿದ್ದಾಗ ದಾಟಿಸಿದ ಮಂತ್ರಿ ನನಗೆ ತಿಳಿದ ಮಟ್ಟಿಗೆ ನಮ್ಮ ರಾಜ್ಯದಲ್ಲಿ ಇವರೊಬ್ಬರೇ. ನೀವೆಲ್ಲ ಇವತ್ತು ಸದಸ್ಯರು, ಅಧ್ಯಕ್ಷರು, ಉಪಾಧ್ಯಕ್ಷರು ಅನ್ನಿಸಿಕೊಂಡು ಇಲ್ಲಿ ಕೂತಿರೋದರಲ್ಲಿ ಅವರ ಪಾಲು ಎಷ್ಟು ಅನ್ನೋದು ನಿಮಗೆ ಗೊತ್ತಿರಬೇಕು. ಅಷ್ಟೇ ನನ್ನ ಮಾತು.

ಅವರು ಗುಂಡ್ಲುಪೇಟೆಯವರು. ಆಗ ಅದು ಮೈಸೂರು ಜಿಲ್ಲೆ, ಚಾಮರಾಜನಗರ ಜಿಲ್ಲೆ ಆಗಿದ್ದು 1997ರಲ್ಲಿ. ಬಂಡೀಪುರ ಕಾಡಿನ ಅಂಚಿನ ಊರು, ಊಟಿಗೆ ಹೋಗುವವರು ಕಾಫಿಗೆ ಇಳಿಯುವ ಊರು. ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಕೆ.ಎಸ್. ನಾಗರತ್ನಮ್ಮ ಕೂಡ ಅದೇ ಕ್ಷೇತ್ರದಿಂದ ಬಂದವರು. ನಜೀರ್ ಸಾಬ್ ಇದ್ದದ್ದು ವಿಧಾನ ಪರಿಷತ್ತಿನಲ್ಲಿ. ಇದನ್ನು ಗಮನಿಸಿ, ಮುಂದೆ ಬೇಕಾಗುತ್ತದೆ. ಅವರಿಗೆ ‘ನನ್ನ ಕ್ಷೇತ್ರ’ ಅಂತ ವಿಧಾನಸಭೆ ಶಾಸಕರಿಗೆ ಇರುವಂತೆ ಒಂದು ತಾಲ್ಲೂಕು ಇರಲಿಲ್ಲ.

1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಆದರು. ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರ. ಸ್ವಂತ ಬಹುಮತ ಇರಲಿಲ್ಲ, ಹೊರಗಿನ ಬೆಂಬಲದ ಮೇಲೆ ನಿಂತಿತ್ತು. ಆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಸಿಕ್ಕಿದ್ದು ಇವರಿಗೆ. ಈಗ ಆ ಖಾತೆಗೆ ದೊಡ್ಡ ಪೈಪೋಟಿ ಇದೆ, ದುಡ್ಡಿನ ಖಾತೆ ಅದು. ಆಗ ಹಾಗಿರಲಿಲ್ಲ. ಅದಕ್ಕೆ ತೂಕ ಬಂದಿದ್ದೇ ನಜೀರ್ ಸಾಬ್ ಕಾಲದಲ್ಲಿ.

ಸರಿ, ಮೊದಲು ನೀರಿನ ವಿಷಯ ಮುಗಿಸಿಬಿಡೋಣ.

ಎಂಬತ್ತರ ದಶಕದ ಆ ವರ್ಷಗಳಲ್ಲಿ ಬರ ಮೇಲಿಂದ ಮೇಲೆ ಬಂತು. ಕುಡಿಯುವ ನೀರು ಅಂದರೆ ಹಳ್ಳಿಯಲ್ಲಿ ಕೆರೆ, ಕಲ್ಯಾಣಿ, ತೆರೆದ ಬಾವಿ. ಕಲಬುರಗಿ, ರಾಯಚೂರು ಕಡೆಯ ಹಿರಿಯರನ್ನು ಕೇಳಿ ನೋಡಿ, ನಾರುಹುಣ್ಣು ಅಂದರೆ ಏನು ಅಂತ. ಹುಣ್ಣಿದ್ದವರು ಮೆಟ್ಟಿಲು ಬಾವಿಗೆ ಇಳಿದು ಕಾಲು ಅದ್ದಿ ನೀರು ತುಂಬಿಕೊಳ್ಳುವಾಗ ಹುಳದ ಮರಿಗಳು ನೀರಿಗೆ ಸೇರುತ್ತವೆ, ಆ ನೀರು ಕುಡಿದವರ ಕಾಲಿನಿಂದ ವರ್ಷದ ನಂತರ ಎರಡು ಮೂರು ಅಡಿ ಉದ್ದದ ಹುಳ ಹೊರಗೆ ಬರುತ್ತದೆ, ಅದನ್ನು ಕಡ್ಡಿಗೆ ಸುತ್ತಿ ದಿನಾ ಸ್ವಲ್ಪ ಸ್ವಲ್ಪ ಎಳೆಯಬೇಕು, ತುಂಡಾದರೆ ಕಾಲು ಬಾತುಕೊಂಡು ಹಾಸಿಗೆ ಹಿಡಿಯುತ್ತಾರೆ. ದೇಶದಲ್ಲಿ ಈ ರೋಗ ಇದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಇದಕ್ಕೆ ಔಷಧಿ ಇಲ್ಲ, ಲಸಿಕೆ ಇಲ್ಲ. ಕಾಲು ಅದ್ದಲಾಗದ ನೀರು ಕೊಡಬೇಕು, ಅಷ್ಟೇ. ಹ್ಯಾಂಡ್‌ಪಂಪ್ ಕೊಟ್ಟಿದ್ದು ಅದನ್ನೇ. 2000ನೇ ಇಸವಿಯಲ್ಲಿ ಭಾರತ ಈ ರೋಗದಿಂದ ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಅದಕ್ಕೆ ದುಡಿದವರು ಲಕ್ಷ ಜನ. ನಮ್ಮ ಹಳ್ಳಿಗಳ ಬೋರ್‌ವೆಲ್‌ಗಳಿಗೂ ಅದರಲ್ಲಿ ಪಾಲಿದೆ ಅಂತ ಮಾತ್ರ ನಾನು ಹೇಳೋದು.

ನಮ್ಮ ಕಡೆಗೆ ರಿಗ್ ಲಾರಿ ಬಂದಾಗ ನಾವು ಚಿಕ್ಕವರು. ಲಾರಿಯ ಹಿಂದೆ ಇನ್ನೊಂದು ಲಾರಿ, ಅದರ ಮೇಲೆ ಕಂಪ್ರೆಸರ್. ಸದ್ದಿಗೆ ಕೋಳಿ ನಾಯಿ ಎಲ್ಲ ಊರು ಬಿಟ್ಟವು. ಕಲ್ಲು ಸಿಕ್ಕ ಮೇಲೆ ಬಿಳಿ ಹಿಟ್ಟಿನಂಥ ಧೂಳು, ಅದು ಮನೆ ಮಾಡಿನ ಮೇಲೆಲ್ಲ ಕೂತು ಊರೇ ಸುಣ್ಣ ಬಳಿದ ಹಾಗೆ ಆಯಿತು. ಆಮೇಲೆ ಧೂಳು ಒದ್ದೆಯಾಗಿ, ಕೆಸರಾಗಿ, ನೀರು ಚಿಮ್ಮಿದಾಗ ಅರಿಸಿನ ಕುಂಕುಮ ಇಟ್ಟು ತೆಂಗಿನಕಾಯಿ ಒಡೆದರು. ಇದು ನಮ್ಮೂರಿನ ಕಥೆ ಮಾತ್ರ ಅಲ್ಲ, ನನ್ನ ವಯಸ್ಸಿನವರು ಇಲ್ಲಿ ಯಾರೇ ಇರಲಿ, ಅವರದೂ ಹೆಚ್ಚುಕಮ್ಮಿ ಇದೇ ಕಥೆ ಇರುತ್ತದೆ.

ಆದರೆ ಒಂದು ಮಾತು. ನಜೀರ್ ಸಾಬ್ ಒಬ್ಬರೇ ಬೋರ್‌ವೆಲ್ ತಂದರು ಅಂತ ಭಾಷಣಗಳಲ್ಲಿ ಹೇಳುತ್ತಾರೆ, ಅದು ಉತ್ಪ್ರೇಕ್ಷೆ. 1981ರಿಂದ 1990 ಕುಡಿಯುವ ನೀರಿನ ದಶಕ ಅಂತ ವಿಶ್ವಸಂಸ್ಥೆಯೇ ಸಾರಿತ್ತು. ಯುನಿಸೆಫ್ ಸಹಾಯ ಇತ್ತು. ಇಂಡಿಯಾ ಮಾರ್ಕ್ 2 ಅನ್ನುವ ಹ್ಯಾಂಡ್‌ಪಂಪ್ ಎಪ್ಪತ್ತರ ದಶಕದಲ್ಲೇ ತಯಾರಾಗಿತ್ತು. 250 ಜನಕ್ಕೆ ಒಂದು ಪಂಪ್ ಅನ್ನುವ ಲೆಕ್ಕ ಕೇಂದ್ರ ಸರ್ಕಾರದ್ದು. ದುಡ್ಡಿತ್ತು, ಯಂತ್ರ ಇತ್ತು, ನಿಯಮ ಇತ್ತು. ಇವೆಲ್ಲ ಬೇರೆ ರಾಜ್ಯಗಳಿಗೂ ಇದ್ದವು. ಇವರು ಮಾಡಿದ್ದು ಏನೆಂದರೆ ಅದರ ಹಿಂದೆ ಬಿದ್ದರು. ಯಾವ ಊರಿಗೆ ಆಯಿತು, ಯಾವ ಊರಿಗೆ ಆಗಿಲ್ಲ ಅಂತ ಬೆನ್ನು ಹತ್ತಿದರು. ಸ್ವಂತ ಕ್ಷೇತ್ರ ಇಲ್ಲದ ಮಂತ್ರಿಗೆ ಇಡೀ ರಾಜ್ಯವೇ ಲೆಕ್ಕಕ್ಕೆ ಬರುತ್ತದೆ, ಅದೂ ಒಂದು ಅನುಕೂಲ ಆಯಿತು ಅಂತ ನನ್ನ ಊಹೆ.

ಇನ್ನೊಂದು ಇದೆ, ಇದನ್ನು ಯಾರೂ ಬಾಯಿಬಿಟ್ಟು ಹೇಳೋದಿಲ್ಲ. ಊರಿನ ಬಾವಿ ಯಾರ ಕೇರಿಯಲ್ಲಿತ್ತು? ದಲಿತರು ಬಾವಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು, ಯಾರಾದರೂ ಸೇದಿ ಹುಯ್ಯಲಿ ಅಂತ ಕಾಯುತ್ತಿದ್ದ ಊರುಗಳು ಎಷ್ಟಿರಲಿಲ್ಲ. ಕಾಲೋನಿಯಲ್ಲೇ ಒಂದು ಬೋರ್‌ವೆಲ್ ಬಿದ್ದ ದಿನ ಆ ಕಾಯುವಿಕೆ ನಿಂತಿತು. ಅಸ್ಪೃಶ್ಯತೆ ಹೋಯಿತು ಅಂತ ನಾನು ಹೇಳುತ್ತಿಲ್ಲ. ನೀರಿಗಾಗಿ ಕೈ ಒಡ್ಡೋದು ನಿಂತಿತು, ಅದು ಸಣ್ಣದಲ್ಲ.

ಈಗ ಬೋರ್‌ವೆಲ್‌ನಿಂದಲೇ ಅಂತರ್ಜಲ ಹಾಳಾಯಿತು, ಸಾವಿರ ಅಡಿಗೆ ಹೋದರೂ ನೀರಿಲ್ಲ, ಕೋಲಾರ ಪಾವಗಡದಲ್ಲಿ ಫ್ಲೋರೈಡ್ ಬಂತು, ಇದಕ್ಕೆಲ್ಲ ಆಗ ಶುರು ಮಾಡಿದವರೇ ಕಾರಣ ಅನ್ನುವವರೂ ಇದ್ದಾರೆ. ಲೆಕ್ಕ ಹಾಕಿ ನೋಡಿ. ಕೈಯಲ್ಲಿ ಒತ್ತುವ ಪಂಪ್ ನಿಮಿಷಕ್ಕೆ ಹನ್ನೆರಡು ಲೀಟರ್ ಆಸುಪಾಸು ಎತ್ತುತ್ತದೆ, ಅದೂ ಯಾರಾದರೂ ಒತ್ತುತ್ತಿದ್ದರೆ. ಇಡೀ ಊರು ಕುಡಿದರೂ ಒಬ್ಬ ರೈತನ ಮೋಟಾರಿನ ಮುಂದೆ ಅದು ಏನೂ ಅಲ್ಲ. ಫ್ಲೋರೈಡ್ ವಿಷಯ ಮಾತ್ರ ನಿಜ. ಆಳದ ಕಲ್ಲಿನ ನೀರು ಕುಡಿಸುವ ಮೊದಲು ಪರೀಕ್ಷೆ ಮಾಡಬೇಕು ಅನ್ನೋದು ಆಗ ಯಾರ ತಲೆಗೂ ಸರಿಯಾಗಿ ಹೋಗಲಿಲ್ಲ. ಅದರ ಬೆಲೆಯನ್ನು ಆ ತಾಲ್ಲೂಕುಗಳ ಮಕ್ಕಳ ಹಲ್ಲು, ಮೂಳೆ ತೆತ್ತಿವೆ.

ಇಲ್ಲಿಂದ ಅಸಲು ವಿಷಯಕ್ಕೆ ಬರುತ್ತೇನೆ. ಪಂಪ್ ಹಾಕೋದು ಸುಲಭ. ಕೆಟ್ಟಾಗ?

ಇಂಡಿಯಾ ಮಾರ್ಕ್ 2 ಪಂಪಿನ ಸಿಲಿಂಡರ್ ಕೆಳಗೆ, ಆಳದಲ್ಲಿ ಇರುತ್ತದೆ. ಅದರೊಳಗೆ ಚರ್ಮದ ವಾಷರ್. ಅದು ಸವೆದರೆ ನೀರು ಏರೋದಿಲ್ಲ. ವಾಷರಿಗೆ ಕೆಲವೇ ರೂಪಾಯಿ. ಆದರೆ ಅದನ್ನು ಬದಲಾಯಿಸಬೇಕಾದರೆ ಕಬ್ಬಿಣದ ಪೈಪುಗಳನ್ನೆಲ್ಲ ಒಂದೊಂದಾಗಿ ಮೇಲಕ್ಕೆ ಎಳೆಯಬೇಕು, ಅದಕ್ಕೆ ಸಲಕರಣೆ ಬೇಕು, ನಾಲ್ಕು ಜನ ಬೇಕು, ಗಾಡಿ ಬೇಕು. ಆ ಗಾಡಿ ಎಲ್ಲಿಂದ ಬರಬೇಕು? ಇಲಾಖೆಯಿಂದ. ಇಲಾಖೆ ಯಾರ ಮಾತು ಕೇಳುತ್ತದೆ? ಬೆಂಗಳೂರಿನದು. ಊರಿನವರು ಶಾಸಕರಿಗೆ ಹೇಳಬೇಕು, ಶಾಸಕರು ಮಂತ್ರಿಗೆ, ಮಂತ್ರಿ ಕಾರ್ಯದರ್ಶಿಗೆ, ಅಲ್ಲಿಂದ ಚೀಫ್ ಎಂಜಿನಿಯರ್, ಅಲ್ಲಿಂದ ಮತ್ತೆ ಕೆಳಗೆ ಇಳಿದು ಇಳಿದು ಬರುವಷ್ಟರಲ್ಲಿ ಮಳೆಗಾಲವೇ ಬಂದಿರುತ್ತದೆ. ಒಂದು ಚರ್ಮದ ಚೂರಿಗೆ ವಿಧಾನಸೌಧದ ತನಕ ಹೋಗಿ ಬರಬೇಕು ಅಂದರೆ ಅಂಥ ವ್ಯವಸ್ಥೆಯಲ್ಲೇ ಏನೋ ದೋಷ ಇದೆ, ಅಲ್ವಾ? ಪಂಚಾಯಿತಿಗೆ ಅಧಿಕಾರ ಕೊಡುವ ಕಾನೂನು ಮತ್ತು ಬೋರ್‌ವೆಲ್ ಎರಡನ್ನೂ ಒಬ್ಬರೇ ಮಂತ್ರಿ ಹಿಡಿದುಕೊಂಡಿದ್ದು ಕಾಕತಾಳೀಯ ಅಂತ ನನಗಂತೂ ಅನ್ನಿಸೋದಿಲ್ಲ.

ಆಗ ಇದ್ದದ್ದು 1959ರ ಪಂಚಾಯಿತಿ ಕಾನೂನು. ಊರಿಗೊಂದು ಪಂಚಾಯಿತಿ, ತಾಲ್ಲೂಕಿಗೊಂದು ಡೆವಲಪ್‌ಮೆಂಟ್ ಬೋರ್ಡು, ಜಿಲ್ಲೆಗೆ ಡೆಪ್ಯುಟಿ ಕಮಿಷನರ್ ಅಧ್ಯಕ್ಷತೆಯ ಒಂದು ಪರಿಷತ್ತು. ಬೀದಿ ದೀಪ, ಚರಂಡಿ, ಕಂದಾಯ. ಅದಕ್ಕಿಂತ ಮೇಲೆ ಮಾತಾಡಿದರೆ ಕೇಳುವವರಿಲ್ಲ. 1978ರಲ್ಲಿ ಅಶೋಕ್ ಮೆಹ್ತಾ ಸಮಿತಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿ ಅಂತ ಎರಡು ಹಂತ ಮಾಡಿ, ಅಧಿಕಾರ ಅಲ್ಲಿಗೆ ಕೊಡಿ ಅಂತ ಹೇಳಿತ್ತು. ವರದಿ ದೆಹಲಿಯಲ್ಲಿ ಕೂತಿತ್ತು. ನಜೀರ್ ಸಾಬ್ ಅದನ್ನು ಎತ್ತಿಕೊಂಡು, ಅಧಿಕಾರಕ್ಕೆ ಬಂದ ವರ್ಷವೇ ಮಸೂದೆ ತಂದರು. ವಿಧಾನಮಂಡಲ ಅಂಗೀಕರಿಸಿತು. ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1985ರಲ್ಲಿ! ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ನಾಲ್ಕು ವರ್ಷ ಒಂದೇ ವಿಷಯಕ್ಕೆ ಅಂಟಿಕೊಂಡಿದ್ದರು ಮನುಷ್ಯ. ನಡುವೆ ಸರ್ಕಾರ ರಾಜೀನಾಮೆ ಕೊಟ್ಟಿತು, ಮತ್ತೆ ಗೆದ್ದಿತು, ಏನೇನೋ ಆಯಿತು. ಬೇರೆ ಯಾರಾದರೂ ಆಗಿದ್ದರೆ ಅಷ್ಟು ಹೊತ್ತಿಗೆ ಖಾತೆ ಬದಲಾಯಿಸಿಕೊಂಡಿರುತ್ತಿದ್ದರು.

ಆ ಕಾನೂನಿನಲ್ಲಿ ಏನಿತ್ತು ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇವತ್ತು ನಿಮಗಿರುವ ಎಷ್ಟೋ ಹಕ್ಕಿನ ಬೇರು ಅಲ್ಲಿದೆ.

ಎಂಟರಿಂದ ಹನ್ನೆರಡು ಸಾವಿರ ಜನಸಂಖ್ಯೆಗೆ ಒಂದು ಮಂಡಲ ಪಂಚಾಯಿತಿ. ಅದರ ಮುಖ್ಯಸ್ಥ ಮಂಡಲ ಪ್ರಧಾನ. ಇವತ್ತಿಗೂ ಕೆಲವು ಊರಲ್ಲಿ ‘ಪ್ರಧಾನ್ರು’ ಅಂದರೆ ಆ ಕಾಲದಲ್ಲಿ ಗೆದ್ದ ಹಿರಿಯರೇ, ಮಾಜಿ ಅನ್ನೋದನ್ನೂ ಸೇರಿಸೋದಿಲ್ಲ. ವರ್ಷಕ್ಕೆ ಎರಡು ಸಲ ಗ್ರಾಮಸಭೆ ಕರೆಯಲೇಬೇಕು. ಹೆಂಗಸರಿಗೆ ಶೇಕಡಾ 25 ಸ್ಥಾನ. ಇದು 1983ರ ಮಾತು. ಸಂವಿಧಾನದ 73ನೇ ತಿದ್ದುಪಡಿ ಬಂದು ಇಡೀ ದೇಶದಲ್ಲಿ ಮೂರನೇ ಒಂದು ಭಾಗ ಆಗಿದ್ದು 1993ರಲ್ಲಿ, ಹತ್ತು ವರ್ಷ ಆದ ಮೇಲೆ. 1987ರಲ್ಲಿ ಮಂಡಲಗಳಿಗೆ 55,000ಕ್ಕೂ ಹೆಚ್ಚು ಜನ ಗೆದ್ದು ಬಂದರು, ಅವರಲ್ಲಿ ಹೆಂಗಸರೇ ಸುಮಾರು 14,000. ಅವರಲ್ಲಿ ಎಷ್ಟೋ ಜನ ಸೆರಗು ತಲೆ ಮೇಲೆ ಹೊದ್ದು ಮೂಲೆಯಲ್ಲಿ ಕೂತು ಹೆಬ್ಬೆಟ್ಟು ಒತ್ತಿ ಬಂದರು, ನಿಜ. ಗಂಡ ಮಾತಾಡಿದ, ಮಗ ಮಾತಾಡಿದ, ಅದೂ ನಿಜ. ಆದರೆ ಈಗ ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧ ಹೆಂಗಸರಿಗೇ ಮೀಸಲು. ಇಲ್ಲಿ ಹಿಂದಿನ ಸಾಲಿನಲ್ಲಿ ಕೂತು ಬೆಳಗಿನಿಂದ ನರೇಗಾ ಬಿಲ್ಲಿನ ಬಗ್ಗೆ ಪ್ರಶ್ನೆ ಕೇಳಿ ಕೇಳಿ ಅಧಿಕಾರಿಗಳನ್ನು ಸುಸ್ತು ಮಾಡಿದ ಅಕ್ಕಂದಿರಿಗೆ ಆ ಹೆಬ್ಬೆಟ್ಟಿನವರೇ ದಾರಿ ಮಾಡಿಕೊಟ್ಟಿದ್ದು.

ಜಿಲ್ಲೆಯಲ್ಲಿ ಜಿಲ್ಲಾ ಪರಿಷತ್ತು. ಅದರ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿ ಅಂತ ಒಬ್ಬ ಐಎಎಸ್ ಅಧಿಕಾರಿ. ಆ ಅಧಿಕಾರಿ ಜಿಲ್ಲಾಧಿಕಾರಿಗಿಂತ ಸೀನಿಯರ್ ಆಗಿರಬೇಕು ಅಂತ ಇಟ್ಟರು. ಇದು ಸಣ್ಣ ವಿಷಯದ ಹಾಗೆ ಕಾಣುತ್ತದೆ. ಅಲ್ಲ. ಬ್ರಿಟಿಷರ ಕಾಲದಿಂದ ಜಿಲ್ಲೆಗೆ ಡಿಸಿನೇ ದೊರೆ. ಜನರಿಂದ ಗೆದ್ದು ಬಂದವರ ಕೈಕೆಳಗೆ ಕೆಲಸ ಮಾಡುವ ಅಧಿಕಾರಿ ಡಿಸಿಗಿಂತ ಮೇಲಿನವರು ಅಂದಾಗ ಯಾರು ದೊಡ್ಡವರು ಅನ್ನೋದನ್ನು ಭಾಷಣ ಇಲ್ಲದೇ ಹೇಳಿದ ಹಾಗಾಯಿತು. ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಕೃಷಿ, ಪಶು ವೈದ್ಯ, ಸಣ್ಣ ನೀರಾವರಿ, ಕುಡಿಯುವ ನೀರು, ಎಲ್ಲ ಜಿಲ್ಲಾ ಪರಿಷತ್ತಿಗೆ ಹೋಯಿತು. ಸಿಬ್ಬಂದಿ ಸಮೇತ, ದುಡ್ಡು ಸಮೇತ. ಯಾವ ಜಿಲ್ಲೆಗೆ ಎಷ್ಟು ಅಂತ ಬಜೆಟ್ ಜೊತೆಗೇ ಬೇರೆ ಪುಸ್ತಕ ಬರಲು ಶುರುವಾಯಿತು. ಲಿಂಕ್ ಡಾಕ್ಯುಮೆಂಟ್ ಅಂತ ನಿಮ್ಮ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, ಅಂದರೆ ಪಿಡಿಒಗಳು ಹೇಳುತ್ತಾರಲ್ಲ, ಅದು.

ಪರಿಣಾಮ? ಆ ಕಾಲವನ್ನು ಅಧ್ಯಯನ ಮಾಡಿದವರು ಹೆಚ್ಚಾಗಿ ಹೇಳುವ ಒಂದು ಸಂಗತಿ ಮೇಷ್ಟರ ಮತ್ತು ಡಾಕ್ಟರರ ಹಾಜರಿ. ಶಾಲೆಗೆ ಮೇಷ್ಟರು ಬರಲು ಶುರು ಮಾಡಿದರು. ಯಾಕೆಂದರೆ ಬರದಿದ್ದರೆ ಕೇಳುವವನು ಪಕ್ಕದ ಬೀದಿಯಲ್ಲೇ ಇದ್ದ. ಸುಮ್ನೆ ಅರ್ಜಿ ಬರೆದು ಕಾಯಬೇಕಾಗಿರಲಿಲ್ಲ.

ಈಗ ಶಾಸಕರ ವಿಷಯ. ವರ್ಗಾವಣೆ, ಶಾಲಾ ಕಟ್ಟಡ, ರಸ್ತೆ, ಬೋರ್‌ವೆಲ್ ಯಾವ ಊರಿಗೆ ಅನ್ನೋದು, ಇವೇ ತಾನೆ ಶಾಸಕರ ಬಂಡವಾಳ? ಅದನ್ನು ತೆಗೆದು ಜಿಲ್ಲಾ ಪರಿಷತ್ತಿಗೆ ಕೊಟ್ಟರೆ ಮನೆ ಮುಂದೆ ಬೆಳಿಗ್ಗೆ ಯಾರು ಬಂದು ನಿಲ್ಲುತ್ತಾರೆ? ಎಲ್ಲ ಪಕ್ಷದ ಶಾಸಕರಿಗೂ ಇದು ಅರ್ಥವಾಗಿತ್ತು, ಆಳುವ ಪಕ್ಷದವರಿಗೆ ಇನ್ನೂ ಚೆನ್ನಾಗಿ. ನಜೀರ್ ಸಾಬ್ ಸಂತನಂತೆ ಎಲ್ಲರನ್ನೂ ಎದುರಿಸಿ ನಿಂತರು ಅಂತ ಹೇಳಿದರೆ ಸುಳ್ಳಾಗುತ್ತದೆ. ಅವರು ರಾಜಿ ಮಾಡಿಕೊಂಡರು. ಶಾಸಕರನ್ನೂ ಸಂಸದರನ್ನೂ ಜಿಲ್ಲಾ ಪರಿಷತ್ತಿನ ಸದಸ್ಯರನ್ನಾಗಿ ಮಾಡಿದರು. ತಾಲ್ಲೂಕು ಮಟ್ಟದಲ್ಲಿ ಪಂಚಾಯತ್ ಸಮಿತಿ ಅಂತ ಇಟ್ಟು ಅದರ ಅಧ್ಯಕ್ಷತೆಯನ್ನು ಶಾಸಕರಿಗೇ ಕೊಟ್ಟರು. ಆದರೆ ಆ ಸಮಿತಿಗೆ ಹೆಚ್ಚು ಅಧಿಕಾರ ಇಡಲಿಲ್ಲ! ಕುರ್ಚಿ ಕೊಟ್ಟರು, ಕೀಲಿಕೈ ಕೊಡಲಿಲ್ಲ. ರಾಜಕಾರಣ ಬಲ್ಲ ಮನುಷ್ಯ ಅಂತ ಇದಕ್ಕೇ ನಾನು ಹೇಳೋದು. ಒಳ್ಳೆಯವರು ಅಂತ ಬರೀ ಹೊಗಳಿದರೆ ಅವರ ಜಾಣತನಕ್ಕೆ ಅನ್ಯಾಯ.

ಚುನಾವಣೆ ಪಕ್ಷದ ಚಿಹ್ನೆ ಮೇಲೇ ನಡೆಯಿತು. ಎಲ್ಲ ಕಡೆ ಆಳುತ್ತಿದ್ದ ಜನತಾ ಪಕ್ಷವೇ ಗೆಲ್ಲಲಿಲ್ಲ, ಕೆಲವು ಜಿಲ್ಲಾ ಪರಿಷತ್ತುಗಳು ಕಾಂಗ್ರೆಸ್ ಕೈಗೆ ಹೋದವು. ಅವಕ್ಕೂ ಅದೇ ಅಧಿಕಾರ, ಅದೇ ಲೆಕ್ಕದಲ್ಲಿ ದುಡ್ಡು.

ನಜೀರ್ ಸಾಬ್ ತಾನು ಕಟ್ಟಿದ್ದನ್ನು ಜಾಸ್ತಿ ದಿನ ನೋಡಲಿಲ್ಲ. 1988ರ ಅಕ್ಟೋಬರ್‌ನಲ್ಲಿ ಕ್ಯಾನ್ಸರ್‌ನಿಂದ ಹೋದರು. ಅರವತ್ತೂ ತುಂಬಿರಲಿಲ್ಲ. ಹೆಗಡೆ ಅದೇ ವರ್ಷ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಸ್ಥಾನ ಬಿಟ್ಟಿದ್ದರು. ಅಂದರೆ ಜಿಲ್ಲಾ ಪರಿಷತ್ತುಗಳು ಇನ್ನೂ ಎರಡು ವರ್ಷ ತುಂಬುವ ಮೊದಲೇ ಅದನ್ನು ಕಾಯುವ ಇಬ್ಬರೂ ಇಲ್ಲವಾದರು. 1992ರ ಹೊತ್ತಿಗೆ ಅವಧಿ ಮುಗಿಯಿತು, ಹೊಸ ಚುನಾವಣೆ ತಕ್ಷಣ ಮಾಡಲಿಲ್ಲ, ಆಡಳಿತಾಧಿಕಾರಿಗಳು ಬಂದು ಕೂತರು. 1993ರಲ್ಲಿ ಹೊಸ ಕಾನೂನು. ಮಂಡಲ ಹೋಗಿ ಐದರಿಂದ ಏಳು ಸಾವಿರ ಜನಕ್ಕೆ ಗ್ರಾಮ ಪಂಚಾಯಿತಿ ಬಂತು, ಪರಿಷತ್ತು ಹೋಗಿ ಪಂಚಾಯತ್ ಆಯಿತು. ಮೈಸೂರಿನ ತರಬೇತಿ ಸಂಸ್ಥೆಗೆ ಅವರ ಹೆಸರು ಇಟ್ಟಿದ್ದಾರೆ. ನಿಮ್ಮಲ್ಲಿ ಕೆಲವರು ಅಲ್ಲಿಗೆ ಹೋಗಿ ಬಂದಿದ್ದೀರಿ, ಉಳಿದವರು ತಾಲ್ಲೂಕು ಕಚೇರಿಯಲ್ಲಿ ಕೂತು ಉಪಗ್ರಹದ ಮೂಲಕ ಬರುವ ಸ್ಯಾಟ್‌ಕಾಮ್ ಪರದೆಯಲ್ಲಿ ಆ ಸಂಸ್ಥೆಯ ಪಾಠ ಕೇಳಿದ್ದೀರಿ.

ಹೆಸರು ಇಡೋದು ಸುಲಭ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ 2016ರಲ್ಲಿ ಚುನಾವಣೆ ಆಯಿತು. 2021ರಲ್ಲಿ ಅವಧಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನದಲ್ಲೇ ಬರೆದಿದೆ. ಕ್ಷೇತ್ರ ಮರುವಿಂಗಡಣೆ, ಹಿಂದುಳಿದ ವರ್ಗಗಳ ಮೀಸಲಾತಿ, ಕೋರ್ಟ್ ಕೇಸು ಅಂತ ವರ್ಷದ ಮೇಲೆ ವರ್ಷ ಉರುಳಿತು, ಅಧಿಕಾರಿಗಳೇ ನಡೆಸಿದರು. ಮೂರು ಪಕ್ಷಗಳೂ ಇದರ ಬಗ್ಗೆ ಗಂಟಲು ಹರಿದುಕೊಂಡಿದ್ದು ನಾನು ನೋಡಿಲ್ಲ. ಯಾಕೆ ಅಂತ ಮೇಲೆ ಹೇಳಿದ್ದೇನೆ. ಬೆಳಿಗ್ಗೆ ಮನೆ ಮುಂದೆ ಯಾರು ಬಂದು ನಿಲ್ಲಬೇಕು ಅನ್ನುವ ಪ್ರಶ್ನೆ ಅದು, 1983ರಲ್ಲೂ ಅದೇ, ಈಗಲೂ ಅದೇ. ನಜೀರ್ ಸಾಬ್ ಫೋಟೋಗೆ ಹಾರ ಹಾಕಿ, ಅವರು ಕಟ್ಟಿದ ಮನೆಗೆ ಬೀಗ ಹಾಕಿಟ್ಟರೆ ಏನು ಗೌರವ ಸ್ವಾಮಿ?

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಬರೆಯುತ್ತೇನೆ.

ಮಂಡಲವೇ ಒಳ್ಳೆಯದಿತ್ತಾ, ಈಗಿನ ಗ್ರಾಮ ಪಂಚಾಯಿತಿ ಒಳ್ಳೆಯದಾ ಅಂತ ಒಬ್ಬರು. ಮಂಡಲ ದೊಡ್ಡದು, ಕಂದಾಯ ಜಾಸ್ತಿ, ಸಿಬ್ಬಂದಿ ಇಟ್ಟುಕೊಳ್ಳೋಕೆ ಅನುಕೂಲ. ಆದರೆ ಕಚೇರಿ ದೂರ. ಮಲೆನಾಡಿನಲ್ಲಿ ಒಂದು ಸಹಿಗೆ ದಿನ ಹೋಗುತ್ತಿತ್ತು. ನನ್ನ ಕೇಳಿದರೆ ಈಗಿನ ಗಾತ್ರ ಸರಿ, ಆಗಿನ ಅಧಿಕಾರ ಸರಿ. ಜಿಲ್ಲಾ ಮಟ್ಟದಲ್ಲಿ ಆಗ ಇದ್ದ ಗತ್ತು ಮತ್ತೆ ಬಂದಿಲ್ಲ.

ಇನ್ನೊಬ್ಬರು, ಉಪಾಧ್ಯಕ್ಷೆ, ಎದ್ದು ನಿಂತು ಕೇಳಿದರು: ಜಿಲ್ಲಾ ಪಂಚಾಯಿತಿ ಚುನಾವಣೆ ಬೇಗ ಮಾಡಿ ಅಂತ ನಾವು ಗ್ರಾಮಸಭೆಯಲ್ಲಿ ಠರಾವು ಮಾಡಿ ಸರ್ಕಾರಕ್ಕೆ ಕಳಿಸಬಹುದಾ? ಕಳಿಸಬಹುದು, ಯಾವ ಕಾನೂನೂ ತಡೆಯೋದಿಲ್ಲ ಅಂದೆ. ಅದಕ್ಕೆ ಬೆಲೆ ಇರುತ್ತದಾ ಅಂತ ಮತ್ತೆ ಕೇಳಿದರು. ಒಂದು ಪಂಚಾಯಿತಿಯಿಂದ ಹೋದರೆ ಫೈಲಿಗೆ ಸೇರುತ್ತದೆ, ತಾಲ್ಲೂಕಿನ ಎಲ್ಲ ಪಂಚಾಯಿತಿಯಿಂದ ಒಂದೇ ವಾರ ಹೋದರೆ ಯಾರಾದರೂ ಓದಬೇಕಾಗುತ್ತದೆ ಅಂದೆ. ಅವರು ಪಕ್ಕದವರ ಹತ್ತಿರ ಪೆನ್ನು ಇಸಿದುಕೊಂಡು, ಮುಂದಿನ ಗ್ರಾಮಸಭೆ ಯಾವಾಗ ಅಂತ ತಮ್ಮ ಪಿಡಿಒಗೆ ಅಲ್ಲೇ ಫೋನ್ ಮಾಡಿದರು.